ಹಿತ್ತಲಿಗೆ ಬಂದ ಹಲಗೆಯ ಪೂರ್ವಾಪರ

ಬೀದರ್ ನಗರದ ಅಂಚಿನಲ್ಲಿರುವ ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಬರುವ ಲಾರಿಗಳು ಸರಕು ಇಳಿಸಿ ಹೊರಟ ಮೇಲೆ, ಸರಕಿನ ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವೊಂದು ಅಲ್ಲಿಯೇ ಉಳಿಯುತ್ತದೆ. ಪೀಪಾಯಿ, ಪೆಟ್ಟಿಗೆ, ಯಂತ್ರಗಳು ನೆಲಕ್ಕೆ ತಾಗದಂತೆ ಅವುಗಳ ಅಡಿಯಲ್ಲಿ ಇರಿಸುವ, ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿದ ಮರದ ಚೌಕಟ್ಟು ಅದು. ಪ್ಯಾಲೆಟ್ ಎಂಬುದು ಅದರ ಹೆಸರು. ಗಟ್ಟಿಮುಟ್ಟಾದವು ಮತ್ತೆ ಸರಕು ಹೊರಲು ಹೋಗುತ್ತವೆ. ಕಾಲು ಮುರಿದವು, ಹಲಗೆ ಸೀಳಿದವು ಗುಜರಿ ಸೇರಿ, ತೂಕದ ಲೆಕ್ಕದಲ್ಲಿ ಕೈ ಬದಲಿಸಿ, ಬಹುಪಾಲು ಒಲೆಗೆ ಬೀಳುತ್ತವೆ.

ಈಚಿನ ವರ್ಷಗಳಲ್ಲಿ ಈ ಮರಕ್ಕೆ ಇನ್ನೊಂದು ದಾರಿ ತೆರೆದುಕೊಂಡಿದೆ. ಹಳೆಯ ಪ್ಯಾಲೆಟ್ ಬಿಚ್ಚಿ ಹಿತ್ತಲಿಗೆ ಬೇಕಾದ ಬೆಂಚು, ಸೊಪ್ಪಿನ ಮಡಿ, ಗೊಬ್ಬರದ ಪೆಟ್ಟಿಗೆ, ಕೋಳಿಗೂಡು ಮಾಡಿಕೊಳ್ಳುವ ರೂಢಿ ಜಗತ್ತಿನ ಹಲವೆಡೆ ಹಬ್ಬಿದೆ. ಅದು ಬೆಂಗಳೂರು, ಹೈದರಾಬಾದುಗಳನ್ನು ದಾಟಿ ನಮ್ಮಂಥ ಊರುಗಳಿಗೂ ಕಾಲಿಟ್ಟಿದೆ. ಇದು ಉಳ್ಳವರ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ; ಪರಿಸರ ಸೇವೆಯೆಂದು ಕಣ್ಣು ಮುಚ್ಚಿ ಕೊಂಡಾಡುವವರೂ ಇದ್ದಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ: ಹಿತ್ತಲಿಗೆ ಬರುವ ಮುನ್ನ ಈ ಹಲಗೆ ಏನನ್ನು ಹೊತ್ತಿತ್ತು?

ಮರವನ್ನು ಮರಳಿ ಬಳಸುವುದು ಈ ಸೀಮೆಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಜಿಲ್ಲೆಯ ಭೂಪ್ರದೇಶದಲ್ಲಿ ಅರಣ್ಯದ ಪಾಲು ಹತ್ತರಲ್ಲೊಂದಕ್ಕಿಂತ ಕಡಿಮೆ. ಮರ ವಿರಳವಾದ ನಾಡಿನಲ್ಲಿ ತೊಲೆಯೊಂದು ಆಸ್ತಿಯೇ ಆಗಿತ್ತು. ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳೆಯ ಮಾಳಿಗೆಮನೆಗಳಲ್ಲಿ ಮಣ್ಣಿನ ಮೇಲ್ಮುದ್ದೆಯ ಭಾರವನ್ನು ಹೊರುತ್ತಿದ್ದುದು ಕಂಬ, ತೊಲೆ, ಜಂತಿಗಳು. ಮನೆ ಬಿಚ್ಚಿದಾಗ ಗೋಡೆಯ ಮಣ್ಣು ಹೊಲಕ್ಕೆ, ಕಲ್ಲು ಹೊಸ ಗೋಡೆಗೆ, ತೊಲೆ ಹೊಸ ಮನೆಗೆ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬಾಗಿಲು, ಜಂತಿಗಳೂ ಲೆಕ್ಕಕ್ಕೆ ಬರುತ್ತಿದ್ದವು. ಅಂಥ ತೊಲೆಯ ಪೂರ್ವಾಪರ ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು: ಇದು ಯಾವ ಹೊಲದ ಬೇವು, ಯಾರು ಕೆತ್ತಿದ್ದು, ಮೊದಲು ಯಾರ ಪಡಸಾಲೆಯಲ್ಲಿತ್ತು ಎಂಬುದನ್ನು ಹಿರಿಯರು ಹೇಳುತ್ತಿದ್ದರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬಹುತೇಕರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಮೇಲ್ಮುದ್ದೆಯ ಭಾರ. ಆದರೆ ಕಂಬ-ತೊಲೆಗಳ ಚೌಕಟ್ಟು ಸರಿಯಾಗಿದ್ದ ಹಲವು ಮನೆಗಳಲ್ಲಿ ಗೋಡೆ ಹೊರಕ್ಕೆ ಉರುಳಿದರೂ ಮರ ನಿಂತಿತ್ತು ಎಂಬುದನ್ನು ಆ ಬಳಿಕ ಬಂದ ತಜ್ಞರು ದಾಖಲಿಸಿದರು. ಆ ಪಾಠವನ್ನು ನಾವು ಅರ್ಧ ಮಾತ್ರ ಕಲಿತೆವು. ಮಾಳಿಗೆ ಹೋಗಿ ಕಾಂಕ್ರೀಟ್ ಬಂತು, ಅದು ತಪ್ಪಲ್ಲ. ಜೊತೆಗೆ ಮರದ ಬಗೆಗಿನ ತಿಳಿವಳಿಕೆಯೂ ಹೋಯಿತು, ಅದು ನಷ್ಟ.

ಆ ತಿಳಿವಳಿಕೆ ಇಲ್ಲದಿರುವಾಗಲೇ ಪರದೇಶದ ಪೈನ್ ಹಲಗೆಗಳು ನಮ್ಮ ಗುಜರಿ ಅಂಗಡಿಗಳಿಗೆ ಬರುತ್ತಿವೆ. ಅವುಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಸುಟ್ಟ ಮೊಹರೊಂದು ಇರುತ್ತದೆ. ಒಂದು ದೇಶದ ಮರದ ಹುಳು ಇನ್ನೊಂದು ದೇಶದ ಕಾಡಿಗೆ ಹೊಕ್ಕದಿರಲೆಂದು 2002ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮದ ಗುರುತು ಅದು. ತೆನೆಯ ಪಕ್ಕದಲ್ಲಿ ದೇಶದ ಸಂಕೇತ, ತಯಾರಕರ ಸಂಖ್ಯೆ ಮತ್ತು ಎರಡು ಅಕ್ಷರಗಳು ಇಂಗ್ಲಿಷಿನಲ್ಲಿರುತ್ತವೆ. ಆ ಅಕ್ಷರಗಳು ‘ಎಚ್‌ಟಿ’ ಎಂದಿದ್ದರೆ ಮರದ ತಿರುಳಿಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ತಟ್ಟುವಂತೆ ಸತತ 30 ನಿಮಿಷ ಕಾಯಿಸಲಾಗಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಡಲಾಗಿದೆ. ಓಝೋನ್ ಪದರಕ್ಕೆ ಕುತ್ತು ತರುವ ಈ ಅನಿಲದ ಬಳಕೆಯನ್ನು ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಕಡಿತಗೊಳಿಸಲಾಗಿದೆ. ಐರೋಪ್ಯ ಒಕ್ಕೂಟ 2010ರಲ್ಲಿ ಅದನ್ನು ನಿಲ್ಲಿಸಿತು. ಆದರೆ ಸರಕಿನ ರೋಗತಡೆಗೆ ಅದಕ್ಕಿನ್ನೂ ವಿನಾಯಿತಿ ಇದೆ. ‘ಎಂಬಿ’ ಮೊಹರಿನ ಹಲಗೆಯನ್ನು ಒಲೆಗೂ ಹಾಕದೆ, ಮನೆಗೂ ತಾರದೆ ದೂರವಿಡುವುದು ಲೇಸು. ದೇಶದೊಳಗೆ ಮಾತ್ರ ಓಡಾಡುವ ನೀಲಗಿರಿ, ಮಾವು, ಜಾಲಿಯ ಪ್ಯಾಲೆಟ್‌ಗಳಿಗೆ ಈ ಮೊಹರು ಕಡ್ಡಾಯವಲ್ಲ. ಹೀಗಾಗಿ ಮೊಹರಿಲ್ಲದ್ದೆಲ್ಲ ಕೆಟ್ಟದ್ದಲ್ಲ, ಒಳ್ಳೆಯದೆಂದೂ ಅಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಮೋಸ ಹೋಗುತ್ತೇವೆ. ಮೊಹರು ಹೇಳುವುದು ಹಲಗೆಯ ಹುಟ್ಟನ್ನು, ಅದು ಬಾಳಿದ ಬಾಳನ್ನಲ್ಲ. ನಾಲ್ಕು ವರ್ಷಗಳ ಹಿಂದೆ ಭಾಲ್ಕಿಯ ಬಂಧುಗಳ ಹಿತ್ತಲಿನಲ್ಲಿ ನಾನೇ ಮುಂದೆ ನಿಂತು ಮಾಡಿಸಿದ ಸೊಪ್ಪಿನ ಮಡಿಯ ಕಥೆ ಇದಕ್ಕೆ ಸಾಕ್ಷಿ. ಗುಜರಿಯಿಂದ ತಂದ ಆರು ಪ್ಯಾಲೆಟ್‌ಗಳ ಮೇಲೂ ‘ಎಚ್‌ಟಿ’ ಮೊಹರು ಸ್ಪಷ್ಟವಾಗಿತ್ತು. ಎರಡು ಹಲಗೆಗಳ ಮೇಲೆ ಕಂದು ಕಲೆಯಿತ್ತು. ಮಳೆ ನೀರಿನದಿರಬೇಕೆಂದು ಸುಮ್ಮನಾದೆವು. ಮೊದಲ ಮಳೆಗೆ ಆ ಮೂಲೆಯಿಂದ ಮೂಗು ಕಟ್ಟುವ ವಾಸನೆ ಎದ್ದಿತು. ಅಲ್ಲಿ ಬಿತ್ತಿದ ಮೆಂತ್ಯ ಮೇಲೇಳಲಿಲ್ಲ. ಕಾರಣ ಆ ಕಲೆಯೇ ಎಂದು ಆಣೆಯಿಟ್ಟು ಹೇಳಲಾರೆ. ಆದರೆ ಆ ಹಲಗೆ ಯಾವ ಪೀಪಾಯಿಯ ಅಡಿಯಲ್ಲಿತ್ತೆಂದು ವಿಚಾರಿಸಲು ಹೋದಾಗ, ಮಾರಿದವನಿಗೂ ಗೊತ್ತಿರಲಿಲ್ಲ, ಅವನಿಗೆ ಕೊಟ್ಟವನಿಗೂ ಗೊತ್ತಿರಲಿಲ್ಲ. ಎಲ್ಲರೂ ನೋಡಿದ್ದು ತೂಕವನ್ನು ಮಾತ್ರ. ಮಡಿ ಕಿತ್ತು, ಮೇಲ್ಮಣ್ಣು ತೆಗೆಸಿ, ಆ ಮೂಲೆಯನ್ನು ಎರಡು ವರ್ಷ ಖಾಲಿ ಬಿಟ್ಟೆವು.

ಕೊಳಾರದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳು ಹೆಚ್ಚಿರುವುದರಿಂದ ಈ ಮಾತಿಗೆ ತೂಕವಿದೆ. ಕಾಗದದ ಪೆಟ್ಟಿಗೆ ಹೊತ್ತ ಪ್ಯಾಲೆಟ್, ದ್ರಾವಕದ ಪೀಪಾಯಿ ಹೊತ್ತ ಪ್ಯಾಲೆಟ್ ಎರಡೂ ಗುಜರಿಯ ರಾಶಿಯಲ್ಲಿ ಒಂದೇ ರೀತಿ ಕಾಣುತ್ತವೆ. ಪೈನ್ ಮೃದುವಾದ ಮರ, ಚೆಲ್ಲಿದ್ದನ್ನು ಹೀರಿಕೊಳ್ಳುತ್ತದೆ. ಮೇಲ್ಪದರವನ್ನು ಹತ್ತರಿ ಹೊಡೆದರೂ ಒಳಗಿನದು ಹೋಗದು. ಆ ಧೂಳು ಬಡಿಗನ ಎದೆಗೆ ಹೋಗುತ್ತದೆ. ಇನ್ನು ಔರಾದ್ ಕಡೆ ದೇವಣಿ ದನಗಳನ್ನು ಕಟ್ಟಿರುವ ರೈತನು ಅಗ್ಗದ ಹಲಗೆ ಸಿಕ್ಕಿತೆಂದು ಅದರಿಂದಲೇ ಗೋದಲಿ ಮಾಡಿಸಿದರೆ, ದನ ಅದನ್ನು ದಿನವೂ ನೆಕ್ಕುತ್ತದೆ. ಮಗುವಿನ ತೊಟ್ಟಿಲಿಗೂ, ಅಂಗನವಾಡಿಯ ಬೆಂಚಿಗೂ ಇದೇ ಮಾತು ಸಲ್ಲುತ್ತದೆ.

ಹಾಗೆಂದು ಇಡೀ ಮರವನ್ನೇ ತಿರಸ್ಕರಿಸುವುದು ಜಾಣತನವಲ್ಲ. ಐರೋಪ್ಯ ಮಾದರಿಯ ಒಂದು ಪ್ಯಾಲೆಟ್ 1,200 ಮಿಲಿಮೀಟರ್ ಉದ್ದ, 800 ಮಿಲಿಮೀಟರ್ ಅಗಲವಿರುತ್ತದೆ. ಅದರಲ್ಲಿ 11 ಹಲಗೆ, 9 ದಿಂಡು, 78 ಮೊಳೆಗಳಿರುತ್ತವೆ. ಒಣಗಿಸಿದ, ನೇರವಾದ, ಅಳತೆಗೆ ಕೊಯ್ದ ಮರ ಅದು. ಅಂಥದ್ದನ್ನು ಒಲೆಗಿಟ್ಟು ಅರ್ಧ ಗಂಟೆಯಲ್ಲಿ ಬೂದಿ ಮಾಡುವ ನಾವೇ, ಬೆಂಚೊಂದು ಬೇಕೆಂದಾಗ ಹೊಸ ಮರಕ್ಕೆ ಕೊಡಲಿ ಹಾಕಿಸುತ್ತೇವೆ.

ಸರಿಯಾದ ಹಲಗೆ ಸಿಕ್ಕಮೇಲೂ ಅದು ಬಾಳಬೇಕಾದರೆ ಹಿರಿಯರ ಒಂದು ಪಾಠ ನೆನಪಿರಬೇಕು. ಮರ ಮಣ್ಣನ್ನು ಮುಟ್ಟಬಾರದು. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳು ನಾಲ್ಕು ಶತಮಾನಗಳನ್ನು ದಾಟಿ ನಿಂತಿವೆ. ಮಳೆಯಿಂದಲೂ ನೆಲದ ತೇವದಿಂದಲೂ ಅವನ್ನು ಕಾಪಾಡಿದ್ದು ಮೇಲಿನ ಮಾಡು, ಕೆಳಗಿನ ಕಲ್ಲು. ಹಳ್ಳಿಯ ಬಡಿಗ ಕೂಡ ಪಡಸಾಲೆಯ ಕಂಬವನ್ನು ಅಡಿಗಲ್ಲಿನ ಮೇಲೆಯೇ ನಿಲ್ಲಿಸುತ್ತಿದ್ದ. ಪೈನ್ ಹಲಗೆಯನ್ನು ಔರಾದಿನ ಎರೆಮಣ್ಣಿನಲ್ಲಿ ನೇರವಾಗಿ ಹೂತರೆ ಗೆದ್ದಲಿಗೆ ಒಂದೆರಡು ಮಳೆಗಾಲ ಸಾಕು. ಶಾಖ ಕೊಟ್ಟ ಮರಕ್ಕೆ ಆಗ ಒಳಗಿದ್ದ ಹುಳು ಸಾಯುತ್ತದೆ, ಮುಂದೆ ಬರುವ ಹುಳು ಹೆದರುವುದಿಲ್ಲ. ಬೀದರಿನಲ್ಲಿ ಜಂಬಿಟ್ಟಿಗೆ ಕಲ್ಲಿಗೆ ಬರವಿಲ್ಲ. ಬೆಂಚಿನ, ಪೆಟ್ಟಿಗೆಯ ಪ್ರತಿ ಕಾಲಿಗೂ ಒಂದೊಂದು ಕಲ್ಲು ಕೊಟ್ಟರೆ ಮರದ ಆಯುಸ್ಸು ಹೆಚ್ಚುತ್ತದೆ. ಮೇಲೆ ಬಳಿಯಲು ಹಳೆಯ ಎಂಜಿನ್ ಎಣ್ಣೆಯ ಬದಲು ಅಗಸೆ ಎಣ್ಣೆ ಇರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯದೆ ಬಿಸಿಲಿಗೆ ಹರವಬೇಕು. ಮುದ್ದೆಯಾಗಿದ್ದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು. ಹೊಸಬರು ಗೊಬ್ಬರದ ಪೆಟ್ಟಿಗೆಯಿಂದ ತೊಡಗುವುದು ಒಳ್ಳೆಯದು. ಹಲಗೆಗಳ ನಡುವಿನ ಸಂದುಗಳಲ್ಲಿ ಗಾಳಿಯಾಡುವುದರಿಂದ ಕಸ ಬೇಗ ಕಳಿಯುತ್ತದೆ, ನಾಲ್ಕು ಪ್ಯಾಲೆಟ್ ನಿಲ್ಲಿಸಿ ಮೂಲೆ ಬಿಗಿದರೆ ಕೆಲಸ ಮುಗಿಯಿತು.

ಇವೆಲ್ಲ ಮನೆಯವರು ಮಾಡಬಹುದಾದದ್ದು. ಆದರೆ ಹಲಗೆಯ ಪೂರ್ವಾಪರ ತಿಳಿಯುವುದು ಮನೆಯವರ ಕೈಲಿಲ್ಲ. ಅದು ಗೊತ್ತಿರುವುದು ಒಂದೇ ಸ್ಥಳದಲ್ಲಿ: ಕಾರ್ಖಾನೆಯ ಗೇಟಿನೊಳಗೆ. ಪ್ಯಾಲೆಟ್ ಗೇಟು ದಾಟಿ ಗುಜರಿಯ ತಕ್ಕಡಿ ಏರಿದ ಕ್ಷಣವೇ ಆ ಮಾಹಿತಿ ಅಳಿದುಹೋಗುತ್ತದೆ. ಆಮೇಲೆ ಯಾವ ತಜ್ಞನೂ ಅದನ್ನು ಕಣ್ಣಳತೆಯಲ್ಲಿ ಮರಳಿ ಪಡೆಯಲಾರ. ಆದ್ದರಿಂದ ವಿಂಗಡಣೆ ಗೇಟಿನೊಳಗೇ ಆಗಬೇಕು. ಪೆಟ್ಟಿಗೆ, ಯಂತ್ರ, ಖಾಲಿ ಸೀಸೆ ಹೊತ್ತ ಪ್ಯಾಲೆಟ್‌ಗೆ ಹಸಿರು ಬಣ್ಣದ ಒಂದು ಪಟ್ಟೆ. ರಾಸಾಯನಿಕ ಹೊತ್ತದ್ದಕ್ಕೆ, ಕಲೆಯಾದದ್ದಕ್ಕೆ ಕೆಂಪು ಪಟ್ಟೆ. ಕೆಂಪು ಪಟ್ಟೆಯದು ಗುಜರಿಗೆ ಹೋಗಕೂಡದು. ಅಪಾಯಕಾರಿ ತ್ಯಾಜ್ಯ ನಿರ್ವಹಣೆಗಾಗಿ 2016ರಲ್ಲಿ ಬಂದ ಕೇಂದ್ರದ ನಿಯಮಗಳು ರಾಸಾಯನಿಕ ಅಂಟಿದ ಖಾಲಿ ಪೀಪಾಯಿ, ಡಬ್ಬಿಗಳನ್ನು ಹೆಸರಿಸಿಯೇ ನಿಯಂತ್ರಣಕ್ಕೆ ಒಳಪಡಿಸಿವೆ. ಪೀಪಾಯಿಗೆ ಇರುವ ಕಾಳಜಿ ಅದರ ಅಡಿಯ ಹಲಗೆಗೂ ಸಲ್ಲಬೇಕೆನ್ನುವುದು ಅತಿಯಾಸೆಯಾಗದು. ಕಾರ್ಖಾನೆಗಳಿಗೆ ಇದರಿಂದ ಬರುವ ಖರ್ಚು ಎರಡು ಡಬ್ಬಿ ಬಣ್ಣ. ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲನೆಗೆ ಹೋದಾಗ ಇದನ್ನೂ ಕೇಳುವಂತಾಗಬೇಕು.

ಹಸಿರು ಪಟ್ಟೆಯ ಮರಕ್ಕೆ ಗಿರಾಕಿಗಳಿಲ್ಲವೆನ್ನುವಂತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ ನೆರವು ಅದರಲ್ಲಿದೆ. ಉಪಕರಣ ಕೊಟ್ಟ ಸರ್ಕಾರ ಮರವನ್ನು ಎಲ್ಲಿಂದ ತರಬೇಕೆಂದು ಹೇಳಿಲ್ಲ. ತೇಗ ಕೊಳ್ಳಲು ಸಣ್ಣ ಬಡಿಗನಿಗೆ ಬಂಡವಾಳವಿಲ್ಲ, ಕಾರ್ಖಾನೆಯ ಬಾಗಿಲು-ಕಿಟಕಿಗಳು ಬಂದ ಮೇಲೆ ಅವನಿಗೆ ಕೆಲಸವೂ ಕಡಿಮೆ. ಬೀದರಿನ ನಗರಾಡಳಿತ, ಭಾಲ್ಕಿ ಮತ್ತು ಔರಾದಿನ ಸ್ಥಳೀಯ ಸಂಸ್ಥೆಗಳು ವಿಂಗಡಿಸಿದ ಮರವನ್ನು ಒಂದೆಡೆ ಸೇರಿಸಿ ಬಡಿಗರಿಗೆ ನಿಗದಿತ ದರದಲ್ಲಿ ಕೊಡುವ ಏರ್ಪಾಡು ಮಾಡಬಹುದು. ಶಾಲೆಗಳ ಕೈತೋಟ, ಉದ್ಯಾನಗಳ ಆಸನ, ಗ್ರಂಥಾಲಯದ ಕಪಾಟುಗಳಿಗೆ ಅವರಿಂದಲೇ ಕೆಲಸ ಮಾಡಿಸಿದರೆ ಮರವೂ ಉಳಿದೀತು, ಕಸುಬೂ ಉಳಿದೀತು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಈ ಮುರುಕು ಹಲಗೆಗಳೇ ಎಷ್ಟೋ ಬಡವರ ಒಲೆಗೆ ಆಸರೆ. ಹಿತ್ತಲಿನ ಅಲಂಕಾರಕ್ಕಾಗಿ ಅವರ ಸೌದೆಯನ್ನು ಕಸಿಯುವುದೇ ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಕೊಯ್ದು ಉಳಿದ ತುಂಡು, ಸೀಳಿದ ಹಲಗೆಗಳು ಹೇಗೂ ಒಲೆಗೇ ಹೋಗುತ್ತವೆ, ಹೋಗಲಿ. ಆದರೆ ಗುರುತಿಲ್ಲದ ಹಲಗೆಯಿಂದ ಹೆಚ್ಚು ಕೆಡುಕಾಗುವುದು ಅದೇ ಬಡವರ ಅಡುಗೆಮನೆಗೆ. ಹಿತ್ತಲಿನಲ್ಲಿ ಬೆಂಚು ಮಾಡಿಸಿದವನು ವಾಸನೆ ಬಂದರೆ ಕಿತ್ತೆಸೆದಾನು. ಕಿಟಕಿಯಿಲ್ಲದ ಕೋಣೆಯಲ್ಲಿ ಆ ಹಲಗೆ ಉರಿಸುವ ತಾಯಿ, ಪಕ್ಕದಲ್ಲಿ ಕೂತ ಮಗು ಹೊಗೆಯನ್ನು ಕುಡಿಯಲೇಬೇಕು. ಗೇಟಿನೊಳಗಿನ ಕೆಂಪು ಪಟ್ಟೆ ಮೊದಲು ಕಾಯುವುದು ಅವರನ್ನೇ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹತ್ತಿರದ್ದನ್ನು ಹಗುರವಾಗಿ ಕಾಣುವ ನಮ್ಮ ಗುಣವನ್ನು ಹಂಗಿಸುತ್ತದೆ. ಕೊಳಾರದ ಗೇಟಿನಾಚೆ ಬಿದ್ದಿರುವ ಹಲಗೆಗಳನ್ನೂ ನಾವು ಹಾಗೆಯೇ ಹಗುರವಾಗಿ ಕಂಡಿದ್ದೇವೆ, ಅವುಗಳ ಉಪಯೋಗವನ್ನೂ ಅಪಾಯವನ್ನೂ. ಹಿಂದೆ ಮನೆಗೆ ತೊಲೆ ತರುವಾಗ ಅದರ ಕುಲಗೋತ್ರ ವಿಚಾರಿಸುತ್ತಿದ್ದ ಊರುಗಳಿವು. ಹಲಗೆ ತರುವಾಗಲೂ ಅಷ್ಟು ವಿಚಾರಿಸೋಣ; ಉತ್ತರ ಹೇಳಬೇಕಾದವರು ಹೇಳುವಂತೆ ಒತ್ತಾಯಿಸೋಣ.