ಒಣಬಟ್ಟೆಯ ಪಾಪ ಯಾರ ತಲೆಗೆ?

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬೆಳಿಗ್ಗೆ ಆರು ಗಂಟೆಗೆ ಇಳಿದು ನೋಡಿ. ಒಂದು ಬಕೆಟ್ಟು, ಎರಡು ಬಟ್ಟೆ, ಹದಿನೈದಿಪ್ಪತ್ತು ಕಾರು. ಮೊದಲನೇ ಕಾರಿನ ಹೊತ್ತಿಗೆ ಬಕೆಟ್ಟಿನಲ್ಲಿ ನೀರಿರುತ್ತದೆ. ಐದನೇ ಕಾರಿಗೆ ಬರುವಷ್ಟರಲ್ಲಿ ಅದು ಕೆಸರು. ಹತ್ತನೆಯದರ ನಂತರ ಬರೀ ಒಣಬಟ್ಟೆ. ಇದನ್ನು ನಾವು ಕಾರು ಕ್ಲೀನ್ ಮಾಡಿಸುವುದು ಎನ್ನುತ್ತೇವೆ. ನಿಜಕ್ಕೂ ಇದು ಕಾರಿನ ಮೈಯನ್ನು ದಿನಕ್ಕಿಷ್ಟು ಅಂತ ಸವೆಸುವ ಕೆಲಸ, ತಿಂಗಳ ಸಂಬಳ ಕೊಟ್ಟು ಮಾಡಿಸುತ್ತಿರುವವರು ನಾವು. ಎರಡು ವರ್ಷದ ಮೇಲೆ ಬಿಸಿಲಿನಲ್ಲಿ ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಜೇಡರಬಲೆಯಂಥ ಗೀರು ಕಾಣುತ್ತದೆ. ಆಗ ಬೈಸಿಕೊಳ್ಳುವವನು ಮಾತ್ರ ಬಟ್ಟೆ ಹಿಡಿದವನು.

ನನ್ನ ವಾದ ಇಷ್ಟೇ. ಈ ಸಣ್ಣ ಗೀರುಗಳನ್ನು ಮನೆಯಲ್ಲೇ, ಕೈಯಿಂದಲೇ, ಒಂದೆರಡು ಭಾನುವಾರಗಳಲ್ಲಿ ಬಹುಮಟ್ಟಿಗೆ ಮಾಸುವಂತೆ ಮಾಡಬಹುದು. ಅದಕ್ಕೆ ಹತ್ತಾರು ಸಾವಿರದ ಪ್ಯಾಕೇಜು ಬೇಕಿಲ್ಲ. ಆದರೆ ದಿನಾ ಒರೆಸುವ ಪದ್ಧತಿಯನ್ನು ಬಿಡದೆ ಪಾಲಿಶ್ ಮಾಡುತ್ತ ಹೋಗುವುದು ಕಾರಿಗೇ ಕೇಡು. ಆ ಪದ್ಧತಿಯನ್ನು ಬಿಡುವ ಖರ್ಚು ಒರೆಸುವವನ ಸಂಬಳದಿಂದ ಹೋಗಕೂಡದು.

ಗೀರು ಸುತ್ತಸುತ್ತ ಕಾಣುತ್ತದೆ, ಹಾಗಾಗಿ ಅವನು ಸುತ್ತಸುತ್ತ ಒರೆಸಿದ್ದೇ ಕಾರಣ ಎಂದು ತೀರ್ಪು ಕೊಡುವವರಿದ್ದಾರೆ. ಅಡುಗೆಮನೆಯಿಂದ ತಿಕ್ಕಿ ತಿಕ್ಕಿ ಹಳತಾದ ಸ್ಟೀಲ್ ತಟ್ಟೆಯೊಂದನ್ನು ತಂದು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಉಂಗುರ ಉಂಗುರವಾಗಿ ಗೆರೆ ಕಾಣುತ್ತದೆ. ತಟ್ಟೆಯನ್ನು ವಾಲಿಸಿದರೆ ಬಿಂಬದ ಜೊತೆಗೆ ಉಂಗುರವೂ ಸರಿಯುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಇವೆ. ಬೆಳಕು ಬರುವ ದಾರಿಗೆ ಅಡ್ಡಲಾಗಿರುವವು ಮಾತ್ರ ಮಿನುಗುತ್ತವೆ, ಅದೇ ನಮ್ಮ ಕಣ್ಣಿಗೆ ಉಂಗುರ. ಕಾರಿನ ಮೇಲೂ ಆಗುವುದು ಅದೇ. ಬಿಳಿ ಕಾರಿನಲ್ಲೂ ಅಷ್ಟೇ ಗೀರುಗಳಿರುತ್ತವೆ, ಬಿಳುಪು ಅವನ್ನು ನುಂಗಿಕೊಳ್ಳುತ್ತದೆ. ಕಪ್ಪು ಕಾರು ಏನನ್ನೂ ಬಚ್ಚಿಡುವುದಿಲ್ಲ.

ಹಾಗಾದರೆ ದೋಷ ಎಲ್ಲಿದೆ? ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿಕೊಂಡ ಮಣ್ಣಿನ ಕಣದಲ್ಲಿ. ಎಲ್ಲ ಕಡೆ ಕಟ್ಟಡ ಏಳುತ್ತಿರುವ ಊರಿನ ಧೂಳು ನಮ್ಮದು. ಮಣ್ಣು, ಮರಳು, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಎಲ್ಲದರಲ್ಲೂ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಬೆಣಚು 7ನೇ ಸ್ಥಾನದಲ್ಲಿದೆ. ಅದು ಕಿಟಕಿಯ ಗಾಜನ್ನೂ ಗೀರುತ್ತದೆ. ಕಾರಿನ ಮೇಲ್ಪದರ ಪ್ಲಾಸ್ಟಿಕ್ಕಿನ ಜಾತಿಯದು, ಅದರ ಮುಂದೆ ಯಾವ ಲೆಕ್ಕ? ನೇರವಾಗಿ ಒರೆಸಿದರೆ ನೇರ ಗೀರು, ಸುತ್ತ ಒರೆಸಿದರೆ ಸುತ್ತ ಗೀರು. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಯಾರ ಕೈಯಾದರೂ ಅಷ್ಟೇ.

ಈ ಮೇಲ್ಪದರದ ಲೆಕ್ಕ ತಿಳಿಯದೆ ಪಾಲಿಶ್ ಬಾಟಲಿಗೆ ಕೈ ಹಾಕಬಾರದು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಹೊಳಪು ಕೊಡುವುದು, ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು ಈ ಕ್ಲಿಯರ್ ಕೋಟ್. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಪದರವನ್ನು ಗೀರಿನ ಆಳದವರೆಗೆ ಸವೆಸಿ ಮಟ್ಟ ಮಾಡುತ್ತದೆ. ಪ್ರತಿ ಸಲವೂ ಸ್ವಲ್ಪ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಕ್ಲಿಯರ್ ಕೋಟ್ ಮುಗಿದ ಜಾಗ ಮಂಕಾಗಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಪೇಂಟಿಂಗ್ ಶೆಡ್ಡೇ ಗತಿ. ವರ್ಷ ವರ್ಷ ಪಾಲಿಶ್ ಹೊಡೆಸುವವರು ಈ ಲೆಕ್ಕ ನೋಡಿಕೊಳ್ಳಬೇಕು.

ಹಾಗಾಗಿ ಮಾಡುವುದಾದರೆ ಒಮ್ಮೆ ಮಾಡಿ, ಹಗುರವಾಗಿ ಮಾಡಿ. ಭಾವನ ಕಪ್ಪು ಕಾರಿಗೆ ನಾನೇ ಕೂತು ಮಾಡಿದ್ದರಿಂದ ಹೇಳುತ್ತಿದ್ದೇನೆ. ಮೊದಲು ಧೂಳು ತಾನಾಗಿ ಇಳಿದುಹೋಗುವಂತೆ ಮೇಲಿಂದ ನೀರು ಸುರಿಯಬೇಕು. ಆಮೇಲೆ ಕಾರು ಶಾಂಪೂ ಒಂದು ಬಕೆಟ್ಟಿನಲ್ಲಿ, ಬಟ್ಟೆ ಜಾಲಿಸುವ ನೀರು ಇನ್ನೊಂದರಲ್ಲಿ. ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸವರಿದರೆ ತರಿತರಿ ಸಿಗುತ್ತದೆ. ಅದನ್ನು ಕ್ಲೇ ಬಾರ್‌ನಿಂದ, ಜಾರಲು ಬೇಕಾದಷ್ಟು ಸೋಪುನೀರು ಹಾಕಿ ತೆಗೆಯಬೇಕು. ಗೀರಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಆಳದ ಗೀರು, ಮನೆಯ ಪಾಲಿಶ್‌ಗೆ ಬಗ್ಗುವುದಿಲ್ಲ, ಬಿಟ್ಟುಬಿಡಿ.

ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಬಾನೆಟ್ಟಿನ ಮೇಲೆ ಒಂದೂವರೆ ಅಡಿ ಜಾಗಕ್ಕೆ ಮಾತ್ರ ಮಾಸ್ಕಿಂಗ್ ಟೇಪಿನ ಗಡಿ ಹಾಕಿ ಅಲ್ಲಿ ಪರೀಕ್ಷೆ ಮಾಡಿ. ರಬ್ಬಿಂಗ್ ಕಾಂಪೌಂಡ್ ಬೇಡ, ಅತಿ ನಯವಾದ ಫಿನಿಶಿಂಗ್ ಪಾಲಿಶ್ ಸಾಕು. ಅಂಗೈಯಗಲದ ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ಮೂರು ಹನಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಒಂದರ ಮೇಲೊಂದು ಬರುವಂತೆ ಎರಡು ಮೂರು ನಿಮಿಷ ಉಜ್ಜಿ, ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಅಂಚುಗಳಲ್ಲಿ, ಬಾಡಿಯ ಮಡಿಕೆಗಳಲ್ಲಿ ಪದರ ತೆಳುವಾಗಿರುತ್ತದೆ, ಅಲ್ಲಿ ಉಜ್ಜಬೇಡಿ. ಕೆಳಗೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ತಾಗಿಸಬೇಡಿ. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಯಾಕೆಂದರೆ ಪಾಲಿಶ್‌ನ ಎಣ್ಣೆ ಗೀರಿನಲ್ಲಿ ಕೂತು ಮೋಸ ಮಾಡುತ್ತದೆ. ವಾಟರ್ ಸರ್ವೀಸ್ ಜೊತೆ ಅರ್ಧ ಗಂಟೆಯಲ್ಲಿ ಹೊಡೆದುಕೊಡುವ ಎಷ್ಟೋ ಪಾಲಿಶ್‌ಗಳ ಗುಟ್ಟು ಈ ಎಣ್ಣೆಯೇ. ನಾಲ್ಕು ಸಲ ತೊಳೆದರೆ ಗೀರುಗಳು ವಾಪಸು.

ಕೈಯಿಂದ ಮಾಡಿದರೆ ಗೀರುಗಳು ಪೂರ್ತಿ ಹೋಗುವುದಿಲ್ಲ, ಮಸುಕಾಗುತ್ತವೆ. ಅಷ್ಟು ಸಾಕು ಎನ್ನುವುದೇ ನನ್ನ ಪಕ್ಷ. ಕನ್ನಡಿಯಂತಾಗಲೇಬೇಕು ಎಂಬ ಹಟ ಇಲ್ಲಿ ಕೆಡುಕು. ಕೊನೆಯ ಗೀರನ್ನು ಅಟ್ಟಿಸಿಕೊಂಡು ಹೋದವನು ಪದರವನ್ನೇ ಕಳೆದುಕೊಳ್ಳುತ್ತಾನೆ.

ಇನ್ನು ಗೀರೇ ಬೀಳದಂತೆ ಮಾಡುತ್ತೇವೆ ಎನ್ನುವ ಸೆರಾಮಿಕ್ ಕೋಟಿಂಗ್. ಅದರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 9ಎಚ್ ಎಂದಿರುತ್ತದೆ. ವಜ್ರಕ್ಕೆ 10, ಇದಕ್ಕೆ 9, ಅಂದರೆ ವಜ್ರದ ಪಕ್ಕದ್ದು ಎಂದು ಗಿರಾಕಿ ತಿಳಿಯುತ್ತಾನೆ, ಹಾಗೆ ತಿಳಿಯಲಿ ಎಂದು ಅಂಗಡಿಯವರೂ ಸುಮ್ಮನಿರುತ್ತಾರೆ. ಆ 9ಎಚ್ ಮೋಸ್ ಅಳತೆಯದಲ್ಲ, ಪೆನ್ಸಿಲ್ಲಿನದು. ಪೇಂಟಿನ ಪದರದ ಮೇಲೆ ಪೆನ್ಸಿಲ್ ಒತ್ತಿ ಎಳೆದು ನೋಡುವ ಒಂದು ಪರೀಕ್ಷೆಯಿದೆ. ಆ ಸಾಲಿನಲ್ಲಿ ಅತಿ ಗಡುಸಾದ ಪೆನ್ಸಿಲ್ 9ಎಚ್. ಪೆನ್ಸಿಲ್ಲಿಗೆ ಗೀರು ಬೀಳದ್ದು ಬೆಣಚುಕಲ್ಲಿಗೂ ಬೀಳುವುದಿಲ್ಲ ಎಂದು ಯಾರೂ ಹೇಳಿಲ್ಲ. ಕೋಟಿಂಗಿನಿಂದ ಉಪಯೋಗವೇ ಇಲ್ಲ ಎನ್ನುತ್ತಿಲ್ಲ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ. ಆದರೆ ಅದರ ಮೇಲೂ ಬೆಳಿಗ್ಗೆ ಆರು ಗಂಟೆಗೆ ಅದೇ ಕೆಸರುಬಟ್ಟೆ ಬಿದ್ದರೆ ಗತಿ ಅದೇ.

ನಾವಿರುವ ಕಟ್ಟಡದ ಸಂಘದ ಸಭೆಯಲ್ಲಿ ಕಳೆದ ವರ್ಷ ಇದೇ ವಿಷಯ ಬಂತು. ಹೊಸ ಕಾರಿನ ಯಜಮಾನರೊಬ್ಬರು ಒರೆಸುವ ಹುಡುಗನನ್ನು ಕರೆಸಿ, "ಏನಪ್ಪಾ, ಕಣ್ಣು ಮುಚ್ಕೊಂಡು ಒರೆಸ್ತೀಯಾ?" ಎಂದರು. ರಾಯಚೂರು ಕಡೆಯ ಹುಡುಗ. "ಒಂದ ಬಕೆಟ್ ನೀರಾಗ ಇಪ್ಪತ್ ಗಾಡಿ ಮಾಡು ಅಂತ ನೀವ ಹೇಳೀರಲ್ರಿ ಸರ" ಎಂದ. ಯಾರಿಗೂ ಉತ್ತರ ಹೊಳೆಯಲಿಲ್ಲ. ಆದರೂ ಆ ತಿಂಗಳ ಅವನ ಸಂಬಳದಲ್ಲಿ ಐದು ನೂರು ರೂಪಾಯಿ ಮುರಿದುಕೊಂಡರು. ಬಕೆಟ್ಟಿನ ಲೆಕ್ಕ ನಮ್ಮದು, ಬಟ್ಟೆ ಕೊಟ್ಟವರು ನಾವು, ದಿನಾ ಒರೆಸಲೇಬೇಕೆಂದವರು ನಾವು. ಕೂಲಿ ಮುರಿದದ್ದು ಅವನದು. ಆಯುಧಪೂಜೆಗೆ ಕಾರಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆ ಕಾರನ್ನು ದಿನಾ ಮುಟ್ಟುವ ಬಕೆಟ್ಟೂ ಬಟ್ಟೆಯೂ ಒಬ್ಬನ ಆಯುಧ ಎನ್ನುವುದು ನಮ್ಮ ಲೆಕ್ಕಕ್ಕೇ ಬಂದಿಲ್ಲ.

ನೀರೆಲ್ಲಿದೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಹಾಕಿತ್ತು. ಆದರೆ ನೀರಿಲ್ಲದ್ದಕ್ಕೆ ಉತ್ತರ ಒಣಬಟ್ಟೆಯಲ್ಲ, ಒರೆಸದೇ ಇರುವುದು. ಧೂಳು ಕೂತ ಕಾರು ಕೊಳಕಾಗಿ ಕಾಣುತ್ತದೆ, ಕೆಡುವುದಿಲ್ಲ. ಸುಮ್ಮನೆ ಕೂತ ಧೂಳು ಗೀರುವುದಿಲ್ಲ, ಉಜ್ಜಿದಾಗ ಗೀರುತ್ತದೆ. ಹಕ್ಕಿಯ ಹಿಕ್ಕೆ, ಮರದ ಅಂಟು ಬಿದ್ದರೆ ಆ ಜಾಗವನ್ನು ಆಗಲೇ ನೆನೆಸಿ ತೆಗೆಯಬೇಕು. ಉಳಿದದ್ದು ಹತ್ತು ಹದಿನೈದು ದಿನ ಕಾಯುತ್ತದೆ. ಕಾರಿಗೆ ಹದಿನೈದು ದಿನಕ್ಕೆ ಮೂರು ನಾಲ್ಕು ಬಕೆಟ್ಟು, ಅದೂ ಮಳೆನೀರಾದರೆ ಇನ್ನೂ ಒಳ್ಳೆಯದು. ಬೋರ್‌ವೆಲ್ ನೀರಾದರೆ ಒಣಗುವ ಮುಂಚೆ ಒತ್ತಿ ತೆಗೆಯದಿದ್ದರೆ ಉಪ್ಪಿನ ಕಲೆ ಉಳಿಯುತ್ತದೆ.

ಮುಂದಿನ ಸಭೆಗೆ ನಾನು ಇದನ್ನು ಬರೆದುಕೊಡುತ್ತಿದ್ದೇನೆ. ದಿನಾ ಒರೆಸುವುದು ನಿಲ್ಲಬೇಕು. ಪ್ರತಿ ಕಾರಿಗೂ ಅದರದೇ ಬಟ್ಟೆ ಇರಬೇಕು, ಅದನ್ನು ಕೊಳ್ಳುವವರು ಕಾರಿನವರೇ. ಕೆಲಸದ ದಿನಗಳು ಕಡಿಮೆಯಾದರೂ ಹುಡುಗನ ತಿಂಗಳ ಸಂಬಳ ಒಂದು ರೂಪಾಯಿಯೂ ಕಡಿಮೆಯಾಗಬಾರದು, ಯಾಕೆಂದರೆ ಸರಿಯಾಗಿ ತೊಳೆಯುವುದು ಒರೆಸುವುದಕ್ಕಿಂತ ಹೆಚ್ಚಿನ ಕೆಲಸ. ಕೊನೆಯ ಸಾಲಿನಲ್ಲಿ, ಅವನಿಂದ ಮುರಿದುಕೊಂಡ ಐದು ನೂರನ್ನು ವಾಪಸು ಕೊಡಬೇಕು ಎಂದೂ ಸೇರಿಸಿದ್ದೇನೆ.