ಕೂಡಿದಾಗಲೂ ಕರಾರು, ಬಿಟ್ಟಾಗಲೂ ಕರಾರು

ದ್ವಾರಕಾದಲ್ಲಿ ವಾಸಿಸುವ ನಮಗೆ ಗುರುಗ್ರಾಮ, ಮಾನೇಸರಗಳು ದೂರದ ಊರುಗಳಲ್ಲ. ಅಲ್ಲಿಯ ಕಾರ್ಖಾನೆಗಳ ಹಿಂದೆ ಇಬ್ಬರು ದೊಡ್ಡ ಪಾಲುದಾರರ ಕಥೆಯಿದೆ. ಕೆಲಸಗಾರರಾದ ನಾವು ಕಲಿಯಬೇಕಾದ ಪಾಠವೂ ಅದರಲ್ಲಿದೆ.

ಲೂಧಿಯಾನದಲ್ಲಿ ಸೈಕಲ್ಲು ತಯಾರಿಸಿ ಹೆಸರಾದ ಮುಂಜಾಲ್ ಮನೆತನವೂ ಜಪಾನಿನ ಹೊಂಡಾ ಕಂಪನಿಯೂ 1984ರಲ್ಲಿ ಕೈಜೋಡಿಸಿದವು. ಯಂತ್ರದ ವಿದ್ಯೆ ಹೊಂಡಾದ್ದು, ಈ ದೇಶದ ಮಾರುಕಟ್ಟೆಯ ಪರಿಚಯ ಮುಂಜಾಲರದು. ಮರುವರ್ಷ ಹರಿಯಾಣದ ಧಾರೂಹೇಡಾದಿಂದ ಮೊದಲ ಮೋಟಾರ್ ಸೈಕಲ್ಲು ಹೊರಬಂತು. 2001ರ ಹೊತ್ತಿಗೆ ಹೀರೋ ಹೊಂಡಾ, ಸಂಖ್ಯೆಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ದ್ವಿಚಕ್ರ ವಾಹನ ತಯಾರಿಸುವ ಕಂಪನಿಯಾಯಿತು.

ಆದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಎಷ್ಟು ದಿನ ನಿಂತೀತು? 1999ರಲ್ಲೇ ಹೊಂಡಾ ತನ್ನದೇ ಬೇರೆ ಕಂಪನಿ ತೆರೆದು ಮಾನೇಸರದಲ್ಲಿ ಕಾರ್ಖಾನೆ ಕಟ್ಟಿತು. ಮೊದಲು ಸ್ಕೂಟರು, 2004ರಲ್ಲಿ ಮೋಟಾರ್ ಸೈಕಲ್ಲು. ಪಾಲುದಾರನೇ ಪ್ರತಿಸ್ಪರ್ಧಿಯಾದ. ಕೊನೆಗೆ 2010ರ ಡಿಸೆಂಬರಿನಲ್ಲಿ ಹೊಂಡಾ ತನ್ನ ಶೇಕಡ 26ರ ಪಾಲನ್ನು ಬಿಟ್ಟುಕೊಡಲು ಒಪ್ಪಿತು. 2011ರಲ್ಲಿ ಹಳೆಯ ಕಂಪನಿ ಹೀರೋ ಮೋಟೋಕಾರ್ಪ್ ಆಯಿತು. ಹೊಂಡಾ 2013ರಲ್ಲಿ ನಮ್ಮ ಕೋಲಾರದ ನರಸಾಪುರದಲ್ಲೂ ಕಾರ್ಖಾನೆ ತೆರೆಯಿತು. ಮನಸ್ಸು ಮುರಿದರೂ ಇಬ್ಬರ ವ್ಯಾಪಾರವೂ ಮುರಿಯಲಿಲ್ಲ.

ಏಕೆ? ಕೂಡಿದಾಗಲೂ ಕರಾರಿತ್ತು, ಬಿಟ್ಟಾಗಲೂ ಕರಾರಿತ್ತು. ಪಾಲಿಗೆ ಬೆಲೆಯಿತ್ತು, ವಿದ್ಯೆಯ ಬಳಕೆಗೆ ಗಡುವಿತ್ತು. ಇದಕ್ಕೆ ನಾವು ಮತ್ಸರಪಡಬೇಕಿಲ್ಲ. ಆದರೆ ಅದೇ ಮಾನೇಸರದ ಹೊಂಡಾ ಕೆಲಸಗಾರರು ತಮ್ಮ ಸಂಘಕ್ಕಾಗಿ, ಕೆಲಸದಿಂದ ತೆಗೆದ ಗೆಳೆಯರಿಗಾಗಿ ಬೀದಿಗಿಳಿದಾಗ, 2005ರ ಜುಲೈ 25ರಂದು ಗುಡಗಾಂವಿನಲ್ಲಿ ಪೊಲೀಸರ ಲಾಠಿ ತಿಂದರೆಂಬುದನ್ನೂ ಮರೆಯಬಾರದು. ಮಾಲೀಕರ ಮಾತು ಮೇಜಿನ ಸುತ್ತ ನಡೆಯುತ್ತದೆ. ನಮ್ಮದು ಬೀದಿಯಲ್ಲೇ ಏಕೆ ನಡೆಯಬೇಕು?

ನಮ್ಮ ಹೋಟೆಲುಗಳಲ್ಲೂ ಪಾಲುದಾರಿಕೆಗಳು ಮುರಿಯುತ್ತವೆ. ಗಲ್ಲಾಪೆಟ್ಟಿಗೆ ಹಂಚಿಕೆಯಾಗುತ್ತದೆ, ಪಾತ್ರೆ ಪರಡಿಗೂ ಲೆಕ್ಕವಾಗುತ್ತದೆ. ಹತ್ತು ವರ್ಷ ದೋಸೆ ಹುಯ್ದವನ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. "ಹಳೇ ಯಜಮಾನರನ್ನು ಕೇಳು" ಎನ್ನುತ್ತಾರೆ ಹೊಸಬರು; ಹಳಬರು ಹೊಸಬರತ್ತ ಕೈ ತೋರುತ್ತಾರೆ.

ಮಾಲೀಕರು ಒಳ್ಳೆಯವರಿರಬಹುದು, ನಮ್ಮ ಊರಿನವರೇ ಇರಬಹುದು. ಒಳ್ಳೆಯತನ ಕಾಗದವಾಗುವುದಿಲ್ಲ. ಆದ್ದರಿಂದ ಸೋದರರೇ, ನೇಮಕದ ಪತ್ರ ಕೇಳೋಣ. ಹಾಜರಿ ಪುಸ್ತಕದಲ್ಲಿ ಹೆಸರಿದೆಯೇ, ಭವಿಷ್ಯನಿಧಿಗೆ ಹಣ ಕಟ್ಟುತ್ತಿದ್ದಾರೆಯೇ ಎಂದು ನೋಡಿಕೊಳ್ಳೋಣ. ಒಬ್ಬೊಬ್ಬರೇ ಕೇಳಲು ಅಂಜಿಕೆಯಾದರೆ ಸಂಘದ ಮೂಲಕ ಕೇಳೋಣ. ಕೋಟ್ಯಧೀಶರೇ ಬಾಯಿಮಾತನ್ನು ನಂಬದಿರುವಾಗ, ನಾವೇಕೆ ನಂಬಿ ಕೂರಬೇಕು?