ಮೀಸೆಗೆ ಹತ್ತಿದ ಮಣ್ಣು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿದ ನನ್ನ ಅಧ್ಯಾಪಕವೃತ್ತಿಯಲ್ಲಿ ಅದನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ಮಕ್ಕಳಿಗೆ ಹೇಳಿದೆನೋ ಲೆಕ್ಕವಿಲ್ಲ. ಸೋಲನ್ನು ಒಪ್ಪಿಕೊಳ್ಳಲಾರದವನ ಹುಸಿ ಬಿಂಕವನ್ನು ಹಾಸ್ಯಮಾಡುವ ಮಾತಿದು ಎಂದು ಹಲಗೆಯ ಮೇಲೆ ಅರ್ಥ ಬರೆದು ಕೈ ತೊಳೆದುಕೊಂಡೆನು. ಆ ಗಾದೆಯು ನನ್ನನ್ನೇ ಕುರಿತು ಹುಟ್ಟಿದಂತಿದೆಯೆಂಬುದು ಕಳೆದ ಮಾಘಮಾಸದಲ್ಲಿ ರಾಣೆಬೆನ್ನೂರಿನಿಂದ ಹಾವೇರಿಗೆ ಮರಳುತ್ತಿದ್ದಾಗ ರೈಲುಗಾಡಿಯಲ್ಲಿ ನನಗೆ ತಿಳಿಯಬೇಕಾಯಿತು. ಆ ಸಂಗತಿಯನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ನನ್ನ ಮೊಮ್ಮಗಳಿಗೆ ಹನ್ನೆರಡು ವರ್ಷ. ಎಂಟು ತಿಂಗಳಿಂದ ಜೂಡೋ ಎಂಬ ಜಪಾನಿ ಮಲ್ಲವಿದ್ಯೆಯನ್ನು ಕಲಿಯುತ್ತಿರುವಳು. ‘ಜೂ’ ಎಂದರೆ ಮೃದುತ್ವ, ‘ಡೋ’ ಎಂದರೆ ಮಾರ್ಗ, ಸಂಸ್ಕೃತದಲ್ಲಿ ಮಾರ್ದವಮಾರ್ಗವೆನ್ನಬಹುದು. ಎದುರಾಳಿ ಎಳೆದಾಗ ಹಟದಿಂದ ಹಿಂದಕ್ಕೆ ಜಗ್ಗದೆ, ಆ ಎಳೆತವನ್ನೇ ಅನುಸರಿಸಿ ನಡೆದು, ಆತನ ಬಲದಿಂದಲೇ ಆತನನ್ನು ಕೆಡಹುವುದು ಇದರ ಮರ್ಮ. “ಹೆಣ್ಣು ಹುಡುಗಿ, ಕೈಕಾಲು ಮುರಕೊಂಡರ ಏನ್ ಗತಿ?” ಎಂದು ಅವಳ ಅಜ್ಜಿ ಮೊದಲು ಆಕ್ಷೇಪಿಸಿದಳು. ಅದಕ್ಕೆ ಕಲಿಸುವವರು, “ಅಮ್ಮಾ, ಮೊದಲು ನಾವು ಬೀಳೂದನ್ನ ಕಲಿಸ್ತೀವಿ, ಬೀಳಸೂದು ಆಮೇಲೆ” ಎಂದರು. ಅದರಂತೆಯೇ ನಡೆಯಿತು. ಗದ್ದವನ್ನು ಎದೆಗೊತ್ತಿ, ಬೆನ್ನನ್ನು ಗುಂಡಾಗಿಸಿ, ನೆಲ ತಾಗುವ ಕ್ಷಣಕ್ಕೆ ಇಡಿಯ ತೋಳಿನಿಂದ ಚಾಪೆಯನ್ನು ಅಪ್ಪಳಿಸುವುದು; ಅಂಗೈಯನ್ನು ಮಾತ್ರ ಊರಲಾಗದು, ಊರಿದರೆ ಮಣಿಕಟ್ಟು ಮುರಿದೀತು. ವಾರಗಟ್ಟಲೆ ಆ ಹುಡುಗಿ ಬೀಳುತ್ತಲೇ ಇದ್ದಳು.

ಈ ವಿದ್ಯೆಯ ಪ್ರವರ್ತಕರೂ ನನ್ನಂತೆ ಉಪಾಧ್ಯಾಯರಾಗಿದ್ದವರೆಂದು ಓದಿದಾಗ ನನಗೆ ಅಭಿಮಾನವಾಯಿತು. 1860ರಲ್ಲಿ ಜನಿಸಿದ ಜಿಗೋರೋ ಕಾನೋ ಅವರು ಕೃಶಕಾಯರು. ತರುಣರಾಗಿ ಹಳೆಯ ಜುಜುತ್ಸು ವಿದ್ಯೆಯನ್ನು ಕಲಿಯುತ್ತಿದ್ದಾಗ, ತಮಗಿಂತ ದಷ್ಟಪುಷ್ಟನಾದ ಸಹಪಾಠಿಯೊಬ್ಬನ ಕೈಯಲ್ಲಿ ಮತ್ತೆ ಮತ್ತೆ ಸೋಲುತ್ತಿದ್ದರು. ಅವರು ದೈವವನ್ನೂ ದೇಹವನ್ನೂ ಹಳಿಯುತ್ತ ಕೂರಲಿಲ್ಲ. ಮೊದಲು ಸುಮೋ ಕುಸ್ತಿಯ ಪಟ್ಟುಗಳನ್ನು ಪ್ರಯೋಗಿಸಿ ನೋಡಿದರು, ಅವು ಫಲಿಸಲಿಲ್ಲ. ಬಳಿಕ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ಹುಡುಕಿ, ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಒಗೆಯುವ ಪಟ್ಟೊಂದನ್ನು ಕಂಡುಕೊಂಡು, ಅಭ್ಯಾಸಮಾಡಿ, ಆ ಭಾರಿ ಆಳನ್ನೇ ಕೆಡಹಿದರು. ಆ ಪಟ್ಟು ಇಂದಿಗೂ ಜೂಡೋದಲ್ಲಿ ‘ಕಾತಾ ಗುರುಮಾ’ ಎಂಬ ಹೆಸರಿನಿಂದಿದೆ. 1882ರಲ್ಲಿ ಅವರು ಟೋಕಿಯೋದ ದೇವಾಲಯವೊಂದರಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ತಮ್ಮ ಶಾಲೆಯನ್ನು ತೆರೆದರು. ಅಲ್ಲಿಂದ ಹಬ್ಬಿದ ವಿದ್ಯೆಯು 1964ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಸೇರಿತು.

ರಾಣೆಬೆನ್ನೂರಿನ ಆ ಪಂದ್ಯವು ನಮ್ಮ ಹುಡುಗಿಗೆ ಮೊದಲನೆಯದು. ಬೆಳಗ್ಗೆ ತೂಕಮಾಡಿ ಮಕ್ಕಳನ್ನು ವಿಭಾಗಿಸಿದರು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿಯೂ ಜಟ್ಟಿಗಳನ್ನು ತರತಮವರಿತು ವಿಂಗಡಿಸಿರುವುದು ನನ್ನ ನೆನಪಿಗೆ ಬಂದಿತು. ಇವಳ ತೂಕಕ್ಕೆ ಸರಿಯಾದವರು ಮೂವರೇ ಇದ್ದರು. ಆದುದರಿಂದ ಒಬ್ಬೊಬ್ಬಳಿಗೂ ಎರಡೆರಡು ಪಂದ್ಯ.

ಮೊದಲನೆಯದು ಅರ್ಧ ನಿಮಿಷವೂ ನಡೆಯಲಿಲ್ಲ. ಇಬ್ಬರೂ ತಲೆಬಾಗಿ ವಂದಿಸಿ ಅಂಗಿಯ ಕೊರಳುಪಟ್ಟಿಯನ್ನು ಹಿಡಿದುದನ್ನು ಕಂಡೆನು. ಮರುಕ್ಷಣಕ್ಕೆ ನಮ್ಮ ಹುಡುಗಿ ಅಂಗಾತ ಬಿದ್ದಿದ್ದಳು. ಬಲವಾಗಿ, ವೇಗವಾಗಿ, ಪೂರ್ತಿ ಬೆನ್ನಡಿಯಾಗಿ ಬಿದ್ದರೆ ‘ಇಪ್ಪೋನ್’ ಎಂದು ಕೈಯೆತ್ತುವರು. ಪಂದ್ಯವು ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ತುಸು ಹೆಚ್ಚು ಹೊತ್ತು ನಿಂತಳು. ಆದರೆ ಕೆಳಗೆ ಬಿದ್ದ ಮೇಲೆ ಎದುರಾಳಿಯು ಅವಳ ಕೊರಳನ್ನೂ ತೋಳನ್ನೂ ಅವುಚಿ ಒತ್ತಿಹಿಡಿದಳು. ಇಪ್ಪತ್ತು ಸೆಕೆಂಡು ಹಾಗೆ ಹಿಡಿದರೆ ಸೋಲು. ಆ ಇಪ್ಪತ್ತನ್ನು ನಾನೂ ಎಣಿಸಿದೆನು. ಅಷ್ಟು ದೀರ್ಘವಾದ ಇಪ್ಪತ್ತನ್ನು ಬೇರೆಲ್ಲಿಯೂ ಎಣಿಸಿಲ್ಲ.

ಬಳಿಕ ಬಹುಮಾನ ವಿತರಣೆಯಾಯಿತು. ಮೂವರಲ್ಲಿ ಮೂರನೆಯವಳಾದುದರಿಂದ ಇವಳ ಕೊರಳಿಗೂ ಕಂಚಿನ ಪದಕವೊಂದು ಬಿದ್ದಿತು. ಹೊರಗೆ ಬಂದೊಡನೆ ಅದನ್ನು ತೆಗೆದು ಚೀಲದ ತಳಕ್ಕೆ ತುರುಕಿದಳು.

ರೈಲಿನಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ, “ಅಜ್ಜಾ, ನಾ ಇನ್ನ ಹೋಗಂಗಿಲ್ಲ,” ಎಂದಳು.

“ಯಾಕವ್ವಾ? ಪದಕ ಬಂತಲ್ಲ,” ಎಂದೆನು. ಆಡಿದ ಮೇಲೆ ನನಗೇ ನಾಚಿಕೆಯಾಯಿತು.

“ಬೆಳಗಾವಿ ಕಡೆಯ ಮಲಪ್ರಭಾ ಜಾಧವ ಅಕ್ಕಾರಿಗೂ ಕಂಚ ಬಂದಿತ್ತು ಅಂತ ನಮ್ಮ ಸರ್ ಹೇಳ್ಯಾರ. ಅವರು ಗೆದ್ದು ಗೆದ್ದು ಮ್ಯಾಲ ಬಂದು, ಆಮೇಲೆ ಸೋತಿದ್ರು. ನಾ ಯಾರನ್ನ ಗೆದ್ದೀನಿ?”

ಹುಡುಗಿ ಹೇಳಿದುದು ನಿಜ. ಜೂಡೋ ಕಲಿತ ಮಲಪ್ರಭಾ ಜಾಧವರು 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ, ಜೂಡೋದ ದಾಯಾದಿಯಂತಿರುವ ಕುರಾಶ್ ಪಂದ್ಯದ 52 ಕಿಲೋ ವಿಭಾಗದಲ್ಲಿ ಉಪಾಂತ್ಯದವರೆಗೆ ಏರಿ ಕಂಚು ಪಡೆದರು. ಈ ಮಗುವಿಗೆ ಎರಡು ಕಂಚುಗಳ ಅಂತರವು ತಿಳಿದಿತ್ತು. ಅದನ್ನು ಮರೆಮಾಚಲು ಹೊರಟವನು ನಾನು.

ಅಷ್ಟರಲ್ಲಿ ಬ್ಯಾಡಗಿ ಬಂದಿತು. ಮೆಣಸಿನಕಾಯಿಯ ಸುಗ್ಗಿಯ ಕಾಲ. ಗಾಳಿಯೊಳಗೆ ಘಾಟು ಬಂದು ಇಬ್ಬರೂ ಸೀನಿದೆವು. ಅದೇ ಊರಿನ ಜಾತ್ರೆಯೊಂದರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ನಾನು ಮೊದಲನೆಯ ಮತ್ತು ಕಡೆಯ ಸಲ ಕುಸ್ತಿಯ ಕಣಕ್ಕಿಳಿದಿದ್ದೆನು. ಎದುರಿನವನು ಧೋಬಿ ಪಟ್ಟು ಹಾಕಿ, ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವಂತೆ ನನ್ನನ್ನು ಕೆಂಪು ಮಣ್ಣಿಗೆ ಬಡಿದನು. ಮನೆಗೆ ಬಂದು, ಕಣ ಹಸಿಯಾಗಿತ್ತು, ಕಾಲು ಜಾರಿತು ಎಂದೆನು. ಎಲ್ಲರೂ ನಂಬಿದರು. ನಮ್ಮ ವಸ್ತಾದರು ಎರಡು ಸಲ ಹೇಳಿಕಳುಹಿಸಿದರೂ ಗರಡಿಯ ಕಡೆಗೆ ನಾನು ತಿರುಗಿ ಸುಳಿಯಲಿಲ್ಲ. ಹೋದರೆ ಅವರು, “ಎಲ್ಲಿ, ಹೆಂಗ ಬಿದ್ದಿ ತೋರಸು” ಎನ್ನುತ್ತಿದ್ದರು. ಆಗ ನನ್ನ ಸುಳ್ಳು ಬಯಲಾಗುತ್ತಿತ್ತು. ವಿದ್ಯಾಭ್ಯಾಸಕ್ಕಾಗಿ ಕುಸ್ತಿಯನ್ನು ಬಿಟ್ಟೆನೆಂದೇ ನನ್ನ ಪತ್ನಿಯೂ ಮಕ್ಕಳೂ ಈವರೆಗೆ ತಿಳಿದಿದ್ದರು. ನಾಲ್ವತ್ತು ವರ್ಷಗಳ ಮೇಲೆ, ಗಾಡಿಯು ಬ್ಯಾಡಗಿಯನ್ನು ಬಿಟ್ಟು ಹೊರಟಾಗ, ನಿಜವನ್ನು ಆ ಹುಡುಗಿಗೆ ಹೇಳಿದೆನು.

ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಹೆಂಗ ಬಿದ್ದಿ ಅಜ್ಜಾ?” ಎಂದಳು. ವಸ್ತಾದರು ಕೇಳಬೇಕಾಗಿದ್ದ ಪ್ರಶ್ನೆ! ಕೈಯನ್ನು ಮುಂದೆ ಚಾಚಿ, ಎದುರಾಳಿಗೆ ತೋಳನ್ನು ನಾನೇ ಒಪ್ಪಿಸಿದ್ದೆನೆಂದು ಹೇಳಿದೆನು. “ನೀ ಹೆಂಗ ಬಿದ್ದಿ?” ಎಂದು ಕೇಳಿದೆನು.

“ಆಕಿ ಎಳದಳು, ನಾ ಹಿಂದಕ ಜಗ್ಗಿದೆ. ಭಾರ ಎಲ್ಲಾ ಹಿಮ್ಮಡಕ್ಕ ಬಂತು. ಆಗ ಹಿಂದಿನಿಂದ ಕಾಲು ಕುಡುಗೋಲಿನಂಗ ಹಾಕಿದಳು.” ಹೇಳುತ್ತಿರುವಂತೆಯೇ ಅವಳ ಮುಖವು ಬೇರೆಯಾಯಿತು. “ಎರಡನೇದರಾಗ ಅಂಗಾತ ಮಲಗಿಬಿಟ್ಟೆ. ಸೊಂಟ ಎತ್ತಿ ಆಕಿ ಕಡೇನ ಹೊರಳಬೇಕಿತ್ತು.”

ಹಾವೇರಿಯಲ್ಲಿ ಇಳಿಯುವಷ್ಟರಲ್ಲಿ ಎರಡು ಸೋಲುಗಳಿಗೂ ಎರಡು ಕಾರಣಗಳು ದೊರೆತಿದ್ದವು. ಮನೆಯಲ್ಲಿ ನೆರೆಯವರು ಪದಕವನ್ನು ಹೊಗಳಲು ಬಂದಾಗ ಅವಳೇ, “ಮೂರು ಮಂದಿ ಇದ್ವಿ, ಎರಡೂ ಸೋತೆ,” ಎಂದಳು. ಅಂದಿನ ರಾತ್ರಿ ನನ್ನ ಪತ್ನಿಗೆ ನಾನೂ ಬ್ಯಾಡಗಿಯ ಸಂಗತಿಯನ್ನು ತಿಳಿಸಿದೆನು. “ನನಗ ಮೊದಲಿಂದ ಸಂಶಯ ಇತ್ತು” ಎಂದು ಅವಳು ದೀಪ ಆರಿಸಿದಳು.

ಗೃಹಸ್ಥರಲ್ಲಿ ನನ್ನ ವಿನಂತಿಯಿಷ್ಟೆ. ಸೋತು ಬಂದ ಮಗುವಿಗೆ ಮೊದಲು ಊಟ ಬಡಿಸಿರಿ. ತೀರ್ಪುಗಾರರನ್ನು ಬೈದು ಸಮಾಧಾನಪಡಿಸಬೇಡಿರಿ. ನೆರೆಮನೆಯ ಹುಡುಗನ ಹೋಲಿಕೆಯನ್ನೂ ತರಬೇಡಿರಿ. ಮನಸ್ಸು ತಿಳಿಯಾದ ಮೇಲೆ, ಹೇಗೆ ಬಿದ್ದೆ ಎಂದು ಕೇಳಿರಿ. ಪರೀಕ್ಷೆಯಲ್ಲಿ ತಪ್ಪಿದವರಿಗೂ ವ್ಯಾಪಾರದಲ್ಲಿ ಕಳೆದುಕೊಂಡವರಿಗೂ ಇದೇ ಪ್ರಶ್ನೆ ಸಲ್ಲುವುದು. ಉತ್ತರವನ್ನು ಅವರೇ ಹುಡುಕಲಿ.

ಮುಂದಿನ ಪಂದ್ಯದಲ್ಲಿ ಹುಡುಗಿ ಗೆದ್ದಳೇ ಎಂದು ಕೆಲವು ವಾಚಕರು ಪತ್ರ ಬರೆದಾರು. ಆ ಪಂದ್ಯ ಇನ್ನೂ ನಡೆದಿಲ್ಲ. ಸೋಮವಾರ ಸಂಜೆ ಅವಳು ತಾನಾಗಿಯೇ ಬಿಳಿಯ ಅಂಗಿಯನ್ನು ಮಡಿಚಿ, ನಡುಪಟ್ಟಿಯನ್ನು ಸುತ್ತಿ, ಅಭ್ಯಾಸಕ್ಕೆ ಹೋದಳೆಂಬುದನ್ನು ಮಾತ್ರ ತಿಳಿಸಬಲ್ಲೆನು.